ಬ್ಯಾನ್ ಬೇಕಾ, ಬೇಡ್ವಾ?

ಜೂನ್ 9, ಸೋಮವಾರ

ಇವತ್ತೂ ಚನ್ನಪಟ್ಟಣ ಪೇಟೆಯಲ್ಲೇ ಸರ್ವೆ. ಟ್ಯಾಬ್ ಬಿಸಿ, ತಲೆ ಅದಕ್ಕಿಂತ ಬಿಸಿ. ‘ಹೊಸ ಪೆಟ್ರೋಲ್ ಕಾರುಗಳ ಮಾರಾಟವನ್ನು ಸರ್ಕಾರ ನಿಷೇಧಿಸುವುದಕ್ಕೆ ತಮ್ಮ ಸಮ್ಮತಿ ಇದೆಯೇ?’ — ಇದನ್ನು ಬರೆದ ಮಹಾಶಯ ಒಮ್ಮೆ ಬಸ್ ಸ್ಟ್ಯಾಂಡಿಗೆ ಬಂದು ಓದಲಿ. ‘ನಿಷೇಧ’ ಅನ್ನುವಷ್ಟರಲ್ಲಿ ಜನ ಬಸ್ ಹತ್ತಿರುತ್ತಾರೆ.

ಬೊಂಬೆ ಮಾಡುವ ವಹಾಬ್ ಸಾಬರು ಮಾತ್ರ ಪೂರ್ತಿ ಕೇಳಿಸಿಕೊಂಡರು. “ನಾವು ಮಾಡೋ ಕಾರಿಗೆ ಪೆಟ್ರೋಲೂ ಬೇಡ, ಕರೆಂಟೂ ಬೇಡ. ದಾರ ಕಟ್ಟಿ ಎಳೆದ್ರೆ ಆಯ್ತು. ಏನಂತ ಬರ್ಕೋತೀಯಮ್ಮ?” ‘ಗೊತ್ತಿಲ್ಲ’ ಒತ್ತಿದೆ. ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ಸಾಬೀರ್ ಫೋನ್. “ಮೇಡಂ, ‘ಗೊತ್ತಿಲ್ಲ’ ಬೇಡವೇ ಬೇಡ. ಹೌದು, ಇಲ್ಲ, ಎರಡೇ. ಆ ‘ನಿಷೇಧ’ ಬಿಡಿ, ‘ಬ್ಯಾನ್’ ಅನ್ನಿ. ಎಲ್ರಿಗೂ ಗೊತ್ತಾಗುತ್ತೆ.”

ಮನೆಯಲ್ಲಿ ಇವರದು ಬೇರೆ ರಾಗ. ಕೆಂಗಲ್ ಹತ್ತಿರ ಗ್ಯಾರೇಜ್, ದಿನವಿಡೀ ಪೆಟ್ರೋಲ್ ಇಂಜಿನ್ ಬಿಚ್ಚುವವರು. “ನನ್ನ ಹೊಟ್ಟೆ ಮೇಲೆ ಹೊಡೆಯೋ ಪ್ರಶ್ನೆ, ನನ್ನ ಹೆಂಡ್ತಿ ಬಾಯಲ್ಲೇ!” ನಗುತ್ತಲೇ ಅಂದರು. ಅನ್ನ ಅರ್ಧಕ್ಕೇ ಬಿಟ್ಟು ಎದ್ದರು.

ಜೂನ್ 12, ಗುರುವಾರ

ವಿರೂಪಾಕ್ಷಿಪುರದಿಂದ ಒಳಗೆ ಒಂದು ಹಳ್ಳಿ. ‘ಬ್ಯಾನ್’ ಪವಾಡ ಮಾಡಿತು! “ಪೆಟ್ರೋಲ್ ಕಾರು... ಸರ್ಕಾರದಿಂದ ಬ್ಯಾನ್ ಆಗ್ಬೇಕಾ?” ಅಂತ ಕೇಳುವುದೇ ತಡ, ಹೆಂಗಸರೆಲ್ಲ ‘ಹೌದು’. ಬೋರಮ್ಮ ಅನ್ನುವವರು ಸೆರಗು ಸಿಕ್ಕಿಸಿಕೊಂಡು ಎದ್ದೇ ನಿಂತರು. “ಆಗ್ಲಿ ಕಣವ್ವ! ಬ್ಯಾನ್ ಆದ್ರೆ ಹೆಣ್ಣೈಕ್ಳು ಬದುಕ್ಕತವೆ.” ಹೊಗೆಯ ಬಗ್ಗೆ ಎಷ್ಟು ತಿಳಿವಳಿಕೆ ಅಂದುಕೊಂಡೆ.

ಗಂಡ ಮುನಿಯಪ್ಪ ಜಗಲಿಯಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದರು. “ನಂಗೊತ್ತಿಲ್ಲ, ಹೋಗವ್ವ.” ನಾನು ಬಿಡಲಿಲ್ಲ. “ಗೊತ್ತಿಲ್ಲ ಅನ್ನೋ ಹಾಗಿಲ್ಲ ಯಜಮಾನ್ರೇ. ಹೌದಾ, ಇಲ್ವಾ, ಎರಡರಲ್ಲಿ ಒಂದು.”

“ಹಂಗಾರೆ ಇಲ್ಲ. ಬ್ಯಾನೂ ಬ್ಯಾಡ, ಗೀನೂ ಬ್ಯಾಡ.”

ಮಗಳು ಸಿರಿ ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಬಿ.ಕಾಂ. ಎರಡನೇ ವರ್ಷವಂತೆ.

ಜೂನ್ 26, ಗುರುವಾರ

ಆಷಾಢ ಶುರು. ಬೋರಮ್ಮನ ಫೋನ್. ನಂಬರ್ ಕೊಟ್ಟವಳು ನಾನೇ.

“ಸೌಮ್ಯವ್ವಾ, ನಮ್ಮೂರಿಗೆ ಬ್ಯಾನ್ ಯಾವತ್ತು ಬತ್ತದೆ?”

“ಬರೋದಾ?” ಅಂದೆ.

“ಊಂ ಕಣವ್ವ, ಐಕ್ಳ ಕಾಲೇಜಿಗೆ ಕರ್ಕೊಂಡೋಗೋ ಬ್ಯಾನು!”

ವ್ಯಾನ್. ಅಯ್ಯೋ ದೇವರೇ... ವ್ಯಾನ್!

ಮೊದಲು ನಗು ಬಂತು. ಅವರು ಹೇಳುತ್ತಾ ಹೋದ ಹಾಗೆ ನಗು ನಿಂತಿತು. ಬಸ್ಸು ತುಂಬಿ ಬರುತ್ತೆ, ನಿಲ್ಲಿಸುವುದಿಲ್ಲ. ಸಿರಿ ನಡೆದು ಮನೆ ಸೇರುವಾಗ ಕತ್ತಲು. ಮುನಿಯಪ್ಪ ಕಾಲೇಜು ಬಿಡಿಸಿ, ಮಾಗಡಿಯ ಅಕ್ಕನ ಮಗನಿಗೆ ಕೊಡುವ ಮಾತಾಡಿ ಬಂದಿದ್ದಾರೆ. “ಸರ್ವೆ ಆಗೈತೆ, ಸರ್ಕಾರದ ಬ್ಯಾನ್ ಬತ್ತದೆ ಅಂತ ಜಗಳ ಆಡಿ ತಡ್ದಿವ್ನಿ. ಆಷಾಢ ಕಳೆಯೋಗಂಟ ನೋಡ್ತೀನಿ ಅಂದವ್ರೆ. ಆಮ್ಯಾಕೆ ಮದುವೆನೇಯ.”

“ವಿಚಾರಿಸ್ತೀನಿ” ಅಂದೆ. ಇಲ್ಲ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ?

ಜೂನ್ 27

ಸಾಬೀರ್‌ಗೆ ಹೇಳಿದೆ. “ಮೇಡಂ, ಸಬ್ಮಿಟ್ ಆದ್ಮೇಲೆ ಮುಗೀತು. ಗ್ರಾಮೀಣ ಮಹಿಳೆಯರ ಭಾರಿ ಬೆಂಬಲ ಅಂತ ರಿಪೋರ್ಟೂ ಹೋಯ್ತು. ವ್ಯಾನ್ ಗೀನ್ ಅಂತ ಬಾಯಿ ಬಿಡ್ಬೇಡಿ. ನಿಮ್ಮ ಕೆಲ್ಸನೂ ಹೋಗುತ್ತೆ, ನಂದೂ ಹೋಗುತ್ತೆ.”

ಈಗ ಹೊಳೆಯಿತು — ಮುನಿಯಪ್ಪ ‘ಇಲ್ಲ’ ಅಂದದ್ದೂ ಕಾರಿಗಲ್ಲ. ಮಗಳ ಕಾಲೇಜಿಗೆ. ನಾನು ಅದನ್ನೂ ಪೆಟ್ರೋಲ್ ಲೆಕ್ಕಕ್ಕೇ ಸೇರಿಸಿದ್ದೆ.

ಜುಲೈ 11, ಶುಕ್ರವಾರ

ಬಸ್ ಡಿಪೋಗೆ ಹೋದೆ. “ಅರ್ಜಿ ಕೊಡಿ, ನೋಡೋಣ.” ಕಾಲೇಜಿಗೆ ಹೋದೆ. “ನಮ್ಮಲ್ಲಿ ವ್ಯಾನ್ ಇಲ್ಲಮ್ಮ.” ಕಡೆಗೆ ಇವರನ್ನೇ ಕೇಳಿದೆ — ಗ್ಯಾರೇಜಿನ ಮೂಲೆಯಲ್ಲಿ ಹಳೇ ವ್ಯಾನ್ ನಿಂತಿದೆಯಲ್ಲ? “ಅದಕ್ಕೆ ಇಂಜಿನ್ನೇ ಇಲ್ಲ ಕಣೆ. ಬ್ಯಾನ್ ಮಾಡ್ಸೋಕೆ ಹೊರಟೋಳಿಗೆ ಈಗ ಪೆಟ್ರೋಲ್ ಗಾಡಿ ಬೇಕಾ?” ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ತಿಳಿಯಲಿಲ್ಲ.

ಬೋರಮ್ಮನ ಮಿಸ್ಡ್ ಕಾಲ್. ಮತ್ತೆ. ಮತ್ತೆ. ನಿಜ ಹೇಳಿದರೆ ಆ ಹುಡುಗಿಯ ಓದಿಗೆ ಕಲ್ಲು ಬಿತ್ತು. ಹೇಳದಿದ್ದರೆ... ಅಡಕತ್ತರಿ ಅಂದರೆ ಇದೇ. ಫೋನ್ ಮಗುಚಿ ಇಟ್ಟೆ.

ಜುಲೈ 25, ಶುಕ್ರವಾರ, ಸಂಜೆ

ಶ್ರಾವಣ ಬಂತು. ನಿಜ ಹೇಳಿಯೇ ಬಿಡುವುದು ಅಂತ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಮಾಗಡಿಯವರು ಬಂದು ಜಗಲಿಯ ಮೇಲೆ ಕೂತಿದ್ದರು. ಬೋರಮ್ಮನ ಮುಖ ಅರಳಿತು. “ನೋಡಿ, ಬಂದ್ಳು! ಸರ್ವೆಯವ್ವ ಬಂದ್ಳು!” ಸಿರಿ ಕಾಲೇಜಿನ ಬ್ಯಾಗನ್ನು ಹೆಗಲಿಂದ ಇಳಿಸಿಯೇ ಇರಲಿಲ್ಲ.

“ಮುನಿಯಪ್ಪನೋರೇ, ಬ್ಯಾನ್ ಅಂದ್ರೆ ಏನಪ್ಪಾ ಅಂದ್ರೆ...” ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

“ಪುರಾಣ ಬ್ಯಾಡ ಕಣವ್ವ. ಬ್ಯಾನ್ ಬತ್ತದಾ, ಇಲ್ವಾ? ಎರಡ್ರಲ್ಲಿ ಒಂದು ಹೇಳು. ಗೊತ್ತಿಲ್ಲ ಅನ್ನಂಗಿಲ್ಲ. ನೀನೇ ಹೇಳಿದ್ದೆ.”

ಸಿರಿ ಈಗ ಅಪ್ಪನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.

“ಬರುತ್ತೆ” ಅಂದುಬಿಟ್ಟೆ.

“ಯಾವತ್ತು?”

“ಸೋಮವಾರ.”

ನನ್ನ ನಾಲಿಗೆಗೆ ಏನು ಬಂದಿತ್ತೋ! ಮಧ್ಯೆ ಇರುವುದು ಶನಿವಾರ, ಭಾನುವಾರ. ಇವರು ಇನ್ನೂ ಗ್ಯಾರೇಜಿನಿಂದ ಮನೆಗೆ ಬಂದಿಲ್ಲ. ಬಂದ ತಕ್ಷಣ ಆ ಹಾಳು ವ್ಯಾನಿಗೆ ಎಲ್ಲಿಂದಾದರೂ ಒಂದು ಇಂಜಿನ್... ಪೆಟ್ರೋಲೋ, ಇನ್ನೊಂದೋ... ಕಾಲಿಗೆ ಬಿದ್ದಾದರೂ ಸರಿ. ಹೇಗೆ ಶುರು ಮಾಡುವುದು? ‘ರೀ, ಒಂದು ತಪ್ಪಾಗಿದೆ’ ಅನ್ನಲಾ?

ಗೇಟಿನ ಸದ್ದು. ಇವರೇ ಇರಬೇಕು. ಏಳಬೇ—