ಡಾಕ್ಟರು ಹಾಗೆ ಅಂದಿರಲಿಲ್ಲ

ಅಕ್ಕಾ,

ಹನ್ನೆರಡು ವರ್ಷದಿಂದ ನಿನಗೆ ಹೇಳಬೇಕಾದ ಮಾತೊಂದು ಗಂಟಲಲ್ಲೇ ಉಳಿದಿತ್ತು. ಕೊನೆಗೆ ಅದು ಹೊರಬಿದ್ದದ್ದು ಮಿರಜಿನ ಆಸ್ಪತ್ರೆಯಲ್ಲಿ, ನಿನ್ನ ಮಗಳ ಮಂಚದ ಪಕ್ಕದಲ್ಲಿ.

ಐನಾಪುರದ ನಮ್ಮ ತೋಟದಲ್ಲಿ ದ್ರಾಕ್ಷಿ ಕಟಾವು ನಡೆದಾಗ ನಿನ್ನ ಎರಡೂ ಕೆನ್ನೆ ಕೆಂಪೇರಿದ್ದು ನೆನಪಿದೆಯೇ? ಬಿಸಿಲಿಗೆ ಎಂದುಕೊಂಡೆವು. ಆಮೇಲೆ ಕೀಲುನೋವು, ಜ್ವರ, ಕೆಮ್ಮಿನಲ್ಲಿ ರಕ್ತ. ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ನೀನು ಎದ್ದು ಕೂತು ಎರಡು ತುತ್ತು ಅನ್ನ ತಿಂದೆ. ಅಷ್ಟು ಸಾಕಾಯಿತು ನನಗೆ. ತೋಟದಲ್ಲಿ ವ್ಯಾಪಾರಿಯ ಗಾಡಿ ಕಾಯುತ್ತಿತ್ತು. ಡಾಕ್ಟರು "ಇನ್ನೂ ತಪಾಸಣಿ ಮಾಡೂದೈತಿ, ಒಯ್ಯಬ್ಯಾಡ್ರಿ" ಅಂದರೂ ಸಹಿ ಹಾಕಿ ನಿನ್ನನ್ನು ಮನೆಗೆ ಕರೆತಂದೆ. ನಾಲ್ಕೇ ದಿನಕ್ಕೆ ನೀನು ಹೋಗಿಬಿಟ್ಟೆ. ಎಲ್ಲರಿಗೂ ನಾನು ಹೇಳಿದ್ದು, "ಡಾಕ್ಟರು ಕೈ ಚೆಲ್ಲಿದರು" ಎಂದು.

ನಿನ್ನ ಮಗಳು ತ್ರಿಶಲಾ ಈಗ ಉಗಾರದ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಕಳೆದ ತಿಂಗಳು ಅವಳ ಕೆನ್ನೆಯೂ ಕೆಂಪೇರಿತು. ಒಂದು ಬೆಳಿಗ್ಗೆ ಕೆಮ್ಮಿ ಕರವಸ್ತ್ರ ಮುಚ್ಚಿಟ್ಟಳು. ಬಿಡಿಸಿ ನೋಡಿದೆ, ಅಕ್ಕಾ. ರಕ್ತವಿತ್ತು; ಅಂದೇ ಅವಳನ್ನು ಮಿರಜಿನ ಆಸ್ಪತ್ರೆಗೆ ಕರೆತಂದೆ.

"ಇದು ಲೂಪಸ್ ರೀ," ಅಂದರು ಡಾಕ್ಟರು. "ಬ್ಯಾನಿ ತಡಿಯೂ ಶಕ್ತಿನೇ ತಿರುಗಿ ಮೈಮ್ಯಾಲೆ ಬಿದ್ದೈತಿ. ಎದಿಯೊಳಗ ರಕ್ತ ಸೋರಾಕತ್ತೈತಿ. ಪ್ಲಾಸ್ಮಾ ಅಂದ್ರ ರಕ್ತದಾಗಿನ ನೀರಿನ ಭಾಗ. ಮಷಿನ್ ಹಚ್ಚಿ ಅದನ್ನ ತಗದು, ಬ್ಯಾರೇದವರು ದಾನ ಕೊಟ್ಟ ಪ್ಲಾಸ್ಮಾ ಹಾಕ್ತೀವಿ. ಔಷಧಿ ಜೋಡಿ ಇದನ್ನೂ ಮಾಡಿ ನೋಡೂಣು. ಖಾತ್ರಿ ಮಾತ್ರ ಕೊಡಾಕ ಆಗೂದಿಲ್ಲ."

ನಮ್ಮ ಅವ್ವ ಮಂಚದ ಸರಳು ಹಿಡಿದು ನಿಂತುಬಿಟ್ಟಳು. "ಯಾರ್ದೋ ರಕ್ತದ್ದು ಈಕಿ ಮೈಯಾಗ ಬ್ಯಾಡ. ಇವ್ರವ್ವಗೂ ಡಾಕ್ಟರು ಕೈ ಚೆಲ್ಲಿದ್ರು. ಕಡೀಕ ಮನ್ಯಾಗರೆ ಸಮಾಧಾನಲೇ ಹೋದ್ಲು. ಈಕಿನ್ನೂ ಒಯ್ಯೂಣು ನಡಿ."

ನನ್ನ ಸುಳ್ಳು ನಿನ್ನ ಮಗಳ ಉಸಿರಿಗೇ ಅಡ್ಡ ನಿಂತಿತ್ತು. ಇನ್ನು ಹೇಗೆ ಸುಮ್ಮನಿರಲಿ?

"ಅವ್ವಾ, ಡಾಕ್ಟರು ಹಂಗ ಅಂದಿರಲಿಲ್ಲ. ಒಯ್ಯಬ್ಯಾಡ ಅಂದಿದ್ರು. ನಾನೇ... ಕಟಾವಿನ ಸಲುವಾಗಿ..."

ಅವ್ವನ ಕೈ ಸರಳಿನಿಂದ ಜಾರಿತು. ಆಮ್ಲಜನಕದ ಮಾಸ್ಕಿನೊಳಗಿಂದ ತ್ರಿಶಲಾ ನನ್ನನ್ನೇ ನೋಡುತ್ತಿದ್ದಳು. ಡಾಕ್ಟರತ್ತ ಕೈಚಾಚಿ ಒಪ್ಪಿಗೆಯ ಕಾಗದ ಇಸಿದುಕೊಂಡು ತಾನೇ ಸಹಿ ಹಾಕಿದಳು.

ಕುತ್ತಿಗೆಯ ನಳಿಕೆಯಿಂದ ಅವಳ ರಕ್ತ ಯಂತ್ರಕ್ಕೆ ಹೋಗಿ ಬರುತ್ತಿತ್ತು. ಒಂದು ಚೀಲದಲ್ಲಿ ತೆಗೆದ ಪ್ಲಾಸ್ಮಾ ಹಳದಿಯಾಗಿ ತುಂಬುತ್ತಿತ್ತು. ಅರ್ಧ ತಾಸಿಗೆ "ತುಟಿ ಜುಮ್ ಅನ್ನಾಕತ್ತೈತಿ" ಅಂದಳು. ರಕ್ತದೊತ್ತಡ ಇಳಿಯಿತು. ಸಿಸ್ಟರ್ ಓಡಿಬಂದು ಯಂತ್ರದ ವೇಗ ತಗ್ಗಿಸಿ, ಕ್ಯಾಲ್ಸಿಯಂ ಕೊಟ್ಟರು. ಅವ್ವ ಗೋಡೆಗೆ ಒರಗಿ ಕಣ್ಣುಮುಚ್ಚಿ ಣಮೋಕಾರ ಮಂತ್ರ ಹೇಳುತ್ತಿದ್ದಳು. ನನಗೆ ಒಂದು ಶಬ್ದವೂ ನೆನಪಾಗಲಿಲ್ಲ. ದಿನಬಿಟ್ಟು ದಿನ ಹೀಗೆ ಐದು ಸಲ. ಮೂರನೆಯದರ ಮರುದಿನ ಅವಳು ಕೆಮ್ಮಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯಿತು. ನಿನಗೂ ಇದೇ ಇತ್ತೇ, ಇದರಿಂದ ನೀನು ಉಳಿಯುತ್ತಿದ್ದೆಯಾ ಎಂದು ಡಾಕ್ಟರನ್ನು ಕೇಳಿದೆ. ಈಗ ಯಾರೂ ಹೇಳಲಾರರು ಅಂದರು.

ಅಷ್ಟೂ ದಿನ ತ್ರಿಶಲಾ ನನ್ನ ಜೊತೆ ಮಾತಾಡಲಿಲ್ಲ. ನಿನ್ನೆ ಮಾಸ್ಕ್ ತೆಗೆದರು. ಗುಳಿಗೆ ವರ್ಷಗಟ್ಟಲೆ ಬೇಕು, ರೋಗ ಮತ್ತೆ ತಲೆ ಎತ್ತಬಹುದು. ಆದರೆ ಸೋರುವುದು ನಿಂತಿದೆ. ನಾನು ಮೆಲ್ಲಗೆ ಬಾಗಿಲ ಕಡೆ ಹೊರಟಾಗ ಕರೆದಳು.

"ಮಾಮಾ, ನನಗ ನಿನ್ನ ಮ್ಯಾಲೆ ಭಾಳ ಸಿಟ್ಟೈತಿ."

"ಹೂಂ, ತ್ರಿಶಲಾ."

"ಹೋಗಬ್ಯಾಡ. ಇಲ್ಲೇ ಕುಂದರು."

ಕೂತಿದ್ದೇನೆ, ಅಕ್ಕಾ.

ನಿನ್ನ ತಮ್ಮ