ಜಿರಳೆಯಲ್ಲ, ಜೀರುಂಡೆ

ಅಮ್ಮನಿಗೆ ನಮಸ್ಕಾರ.

ನನ್ನದು ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರ, ತಪ್ಪುಗಳೂ ಇರುತ್ತವೆ, ಕ್ಷಮಿಸು. ಹೋದ ಪತ್ರದಲ್ಲಿ ‘ಇಲ್ಲಿ ತುಂಬಾ ಜಿರಳೆ ಬಂದಿವೆ, ಎಲ್ಲರಿಗೂ ಸಂತೋಷ’ ಎಂದು ಬರೆದದ್ದು ತಪ್ಪು. ಅದು ಜೀರುಂಡೆ ಎಂದಾಗಬೇಕಿತ್ತು. “ಜಿರಳೆ ಸಾಕೋ ಮನೆಗೆ ನಾನು ಕಾಲಿಡಲ್ಲ, ಹೆರಿಗೆಗೆ ಬೇರೆ ಯಾರನ್ನಾದ್ರೂ ಕರ್ಕೋ” ಎಂದು ನೀನು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲದಲ್ಲಿ. ಮೊದಲು ಇಲ್ಲಿ ಒಂದು ಇರುವೆಯೂ ಇರಲಿಲ್ಲ. ಆಮೇಲೆ ಸಣ್ಣ ಜೀರುಂಡೆಗಳು ಗಾಳಿಯಲ್ಲಿ ಹಾರಿಕೊಂಡು ಬಂದವು. ಇಲ್ಲಿ ಹುಳಗಳ ಬಗ್ಗೆ ಸಂಶೋಧನೆ ಮಾಡುವ ಒಬ್ಬ ಮೇಡಂ ಇದ್ದಾರೆ, ಅವನ್ನು ಹಿಡಿದು ಅವರಿಗೆ ಕೊಡುವುದು ನನ್ನ ಕೆಲಸ. ಈ ವರ್ಷ ಹಾರಲು ಬಾರದ ದೊಡ್ಡ ಕಪ್ಪು ಜೀರುಂಡೆ ಸಿಕ್ಕಿತು. ದಡದಿಂದ ಇಲ್ಲಿಗೆ ಕಟ್ಟಿರುವ ಒಡ್ಡಿನ ಮೇಲೆ ನಡೆದೇ ಬಂದಿದೆ. “ನಡ್ಕೊಂಡು ಬರೋವೂ ಬಂದ್ವು ಅಂದ್ರೆ ಈ ನೆಲ ಬದುಕ್ತು ನೋಡಮ್ಮ” ಎಂದರು ಮೇಡಂ. “ನಿಮ್ಮಮ್ಮಂಗೂ ರೆಕ್ಕೆ ಇಲ್ಲ, ಆದ್ರೆ ಬಸ್ಸಿದೆಯಲ್ಲ” ಎಂದು ನಮ್ಮ ಯಜಮಾನರು ನಗುತ್ತಾರೆ.

ಜೀರುಂಡೆ ಅಡುಗೆಗೆ ಬಾಯಿ ಹಾಕುವುದಿಲ್ಲ, ಮಣ್ಣಿನ ಹುಳು ತಿಂದು ಬದುಕುತ್ತದೆ. ಡಾಕ್ಟರು ಹೆರಿಗೆ ಮುಂದಿನ ತಿಂಗಳು ಎಂದಿದ್ದಾರೆ. ಅದಕ್ಕೆ ಮೊದಲೇ ಬಾ. ಬರುವಾಗ ಮೆತ್ತನೆಯ ಹಳೆಯ ಬಟ್ಟೆ ತಾ. ಆಸ್ಪತ್ರೆಯಲ್ಲಿ ಏನು ಕೇಳಿದರೂ ನನಗೆ ಬಾಯಿ ಬರುವುದಿಲ್ಲ. ನೀನಿದ್ದರೆ ನೀನೇ ಮಾತಾಡುತ್ತೀಯ.

ಹುಳ ಬೀಳಲೆಂದು ದಾರಿಯಲ್ಲೆಲ್ಲ ಲೋಟಗಳನ್ನು ನೆಲದ ಮಟ್ಟಕ್ಕೆ ಹೂತಿದ್ದೇವೆ. ಬಸ್ಸು ನಿಲ್ಲುವಲ್ಲಿಂದ ನಮ್ಮ ಬಾಗಿಲ ತನಕ ಇದ್ದವನ್ನು ಇವತ್ತು ಬೆಳಿಗ್ಗೆ ಮೇಡಂಗೆ ಹೇಳಿ ಕೀಳಿಸಿದೆ. ಗುಂಡಿಗಳಿಗೆ ಮಣ್ಣು ತುಂಬಿ, ನಾನೇ ಮೆಲ್ಲಗೆ ತುಳಿದು ಸಮ ಮಾಡಿದೆ.

ನಿನ್ನ ದಾರಿ ನೋಡುವ
ಮಗಳು