ಯಾರೂ ಇಡದ ಉಬ್ಬು

ಮಾರ್ಚ್ ೪, ಬೆಳಿಗ್ಗೆ

ಸಮಸ್ತ ಪ್ರೋಟಾನುಗಳ ಪಥಪಾಲಕನೂ ಸಕಲ ಡಿಕ್ಕಿಗಳ ಸಾಕ್ಷಿಯೂ ಕಂಟ್ರೋಲ್ ರೂಮಿನ ಮುರುಕು ಕುರ್ಚಿಯೆಂಬ ಸಿಂಹಾಸನದ ಅಧೀಶ್ವರನೂ ಆದ ನಾನು, ಈ ದಿನಚರಿ ಮಹಾಶಯನಿಗೆ ಅಪ್ಪಣೆ ಕೊಡಿಸುವುದೇನೆಂದರೆ — ಕಾಫಿ ಆರಿಹೋಗಿದೆ.

ನೆಲದಡಿಯ ಉಂಗುರದಲ್ಲಿ ಪ್ರೋಟಾನುಗಳು ಎದುರುಬದುರು ಓಡಿ ಬಡಿದುಕೊಳ್ಳುತ್ತಿವೆ. ಸಿಡಿದ ಚೂರುಗಳಿಂದ ಗ್ರಾಫ್ ಬಿಡಿಸುತ್ತೇವೆ. ಗೊತ್ತಿರುವ ಭೌತಶಾಸ್ತ್ರವಷ್ಟೇ ಇದ್ದರೆ ಗೆರೆ ನುಣ್ಣಗೆ ಇಳಿಯಬೇಕು. ಎಲ್ಲಾದರೂ ಉಬ್ಬಿದರೆ... ಯಾರೂ ಕಾಣದ ಕಣ! ಅಕ್ಕ, ಅಂದರೆ ನಮ್ಮ ತಂಡದ ಹಿರಿಯ ಸಂಶೋಧಕಿ, ಆ ಉಬ್ಬಿಗಾಗಿ ವರ್ಷಗಟ್ಟಲೆ ಕಾದಿದ್ದಾಳೆ. ಆದರೆ ಗ್ರಾಫಿನ ನಡುಭಾಗ ಮುಚ್ಚಿಟ್ಟಿದ್ದೇವೆ. ಲೆಕ್ಕದ ವಿಧಾನ ಗಟ್ಟಿಯಾಗುವವರೆಗೆ ಯಾರೂ ನೋಡುವಂತಿಲ್ಲ. ನೋಡಿದರೆ ಆಸೆ ಲೆಕ್ಕವನ್ನು ತಿರುಚುತ್ತದೆ. ಇದಕ್ಕೆ ನಮ್ಮಲ್ಲಿ 'ಕಣ್ಣುಕಟ್ಟು' ಎಂದು ಹೆಸರು. ಜಾದೂಗಾರರದ್ದೂ ಅದೇ ಪದ. ನನಗೆ ಬಲು ಇಷ್ಟ.

ಮಾರ್ಚ್ ೬

ಅಭ್ಯಾಸಕ್ಕೆಂದು ತೆರೆದಿಟ್ಟಿದ್ದ ಹಳೆಯ ಡೇಟಾದಲ್ಲಿ ನಾನೇ ಒಂದು ನಕಲಿ ಉಬ್ಬು ಹುದುಗಿಸಿದೆ. ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ತಂಡದ ಮುಖ್ಯಸ್ಥರಾದ ಮೇಷ್ಟ್ರಿಗೆ ಫೋನ್ ಮಾಡುವಷ್ಟರಲ್ಲಿ ನನಗೆ ನಗು ತಡೆಯಲಿಲ್ಲ.

"ಕಪಿ! ಇನ್ನೊಂದ್ಸಲ ಬಾಲ ಬಿಚ್ಚಿದ್ರೆ ನಿನ್ನನ್ನೇ ಆ ಉಂಗುರದಲ್ಲಿ ಓಡಿಸ್ತೀನಿ ಕಣೋ."

"ಯಾವ ದಿಕ್ಕಿಗೆ ಅಕ್ಕಾ?"

ಪೆನ್ನು ಹಾರಿ ಬಂತು.

ಮಾರ್ಚ್ ೨೧

ಇವತ್ತು ಮುಚ್ಚಿದ್ದನ್ನು ತೆರೆದರು. ನಿಜವಾದ ಡೇಟಾ. ಗೆರೆ ಇಳಿಯಿತು, ಇಳಿಯಿತು... ಉಬ್ಬಿತು.

ಕೋಣೆಯಲ್ಲಿದ್ದ ಅಷ್ಟೂ ತಲೆಗಳು ತಿರುಗಿದವು — ನನ್ನ ಕಡೆಗೆ.

"ಬಾಯ್ಬಿಡಪ್ಪಾ," ಅಂದರು ಮೇಷ್ಟ್ರು. "ನಿನ್ನ ಕಣ್ಣುಕಟ್ಟು ತಾನೇ?"

"ದೇವರಾಣೆ ಸಾರ್, ನಾನಲ್ಲ."

"ನಿನ್ನ ಮಾತನ್ನ ಆ ದೇವರೂ ನಂಬಲ್ಲ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಮೊದಲಿಂದ ನೋಡೋಣ" ಎಂದಳಷ್ಟೇ. ನನ್ನದೊಂದು ತಮಾಷೆಗೆ ಅವಳ ಇಷ್ಟು ವರ್ಷದ ದುಡಿಮೆಯ ಮೇಲೇ ಅನುಮಾನ.

ಏಪ್ರಿಲ್ ೧೭, ಮಧ್ಯಾಹ್ನ

ಮೂಲ ಡೇಟಾದಿಂದ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿದರು. ಬೇರೆ ತಂಡದವರು. ನನ್ನನ್ನು ಕೀಬೋರ್ಡಿನ ಹತ್ತಿರಕ್ಕೂ ಬಿಡಲಿಲ್ಲ. ಉಬ್ಬು ಅಲ್ಲೇ ಇದೆ. ಯಾರ ಕೈಯೂ ಸೋಕಿಲ್ಲ.

"ಆಕಸ್ಮಿಕಾನೂ ಇರಬಹುದು. ಇನ್ನಷ್ಟು ಡಿಕ್ಕಿ ಬೇಕು," ಎಂದರು ಮೇಷ್ಟ್ರು. ಹಾಗೆನ್ನುತ್ತಲೇ ಕನ್ನಡಕ ಒರೆಸಿ ಮತ್ತೆ ಪರದೆಯತ್ತ ಬಗ್ಗಿದರು.

ಅಕ್ಕ ಪರದೆಯ ಮೇಲಿನ ಉಬ್ಬಿನ ಹತ್ತಿರ ಬೆರಳು ಒಯ್ದಳು, ಮುಟ್ಟಲಿಲ್ಲ.

"ನೀನಲ್ವೇನೋ?"

"ಅಲ್ಲ ಅಕ್ಕಾ."

"ಹಾಗಾದ್ರೆ... ಯಾರೋ?"

ಮೈ ಜುಮ್ಮೆಂದಿತು. ಈ ಭೂಮಿ ಹುಟ್ಟುವ ಮೊದಲೇ ಇದು ಇತ್ತೇನೋ, ನೋಡುವವರಿಲ್ಲದೆ. ಈಗ ನಮ್ಮ ಧೂಳು ಹಿಡಿದ ಪರದೆಯಲ್ಲಿ ತಲೆ ಎತ್ತಿದೆ.

ಇಷ್ಟೆಲ್ಲ ಬರೆದದ್ದು ಸರಿ. ಆದರೆ ಅಂದು ದೇವರಾಣೆ ಇಟ್ಟೆನಲ್ಲ — ಇಟ್ಟವನೇ ಹೊರಗೋಡಿ ಮೊದಲು ತಡಕಿದ್ದು ನನ್ನ ಲ್ಯಾಪ್‌ಟಾಪನ್ನು. ನಕಲಿ ಉಬ್ಬನ್ನು ಅಳಿಸಿದ್ದೆನೋ ಇಲ್ಲವೋ, ನನಗೇ ಖಾತ್ರಿಯಿರಲಿಲ್ಲ.